ನೀಲವ್ವತ್ತಿಯ ಬಿಳೀ ಬೆಳಕು

ಮೆಣಸಿನಕಾಯಿ ರಾಶಿಯ ಪಕ್ಕ ದಿನವಿಡೀ ಕೂತು ಒಂದು ಸಲವೂ ಸೀನದ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ಬಸ್ಸಿನಿಂದ ಇಳಿದವರು ಮೊದಲು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅಡುಗೆಮನೆಯಲ್ಲಿ ನಿಂತು ಒಂದೇ ಸಮನೆ ಸೀನುತ್ತಿದ್ದರೆ, ನೀಲವ್ವತ್ತಿ ಹೊಸ್ತಿಲ ಬಳಿ ಕೂತು ಸಂಚಿಯಿಂದ ಅಡಿಕೆ ತೆಗೆಯುತ್ತ, "ಸೀನವ್ವಾ, ಸೀನು. ಊರು ನಿನ್ನ ಮೂಗು ಹಿಡದು ಮಾತಾಡಸಾಕತ್ತೈತಿ," ಎನ್ನುತ್ತಿದ್ದರು.

ನೀಲವ್ವತ್ತಿ ನಮ್ಮವರ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು. ಕೂಸಾಗಿದ್ದಾಗಲೇ ತಾಯಿ ಇಲ್ಲದಂತಾದ ನಮ್ಮವರನ್ನು ಬೆಳೆಸಿದ್ದು ಅವರೇ. ಅಣ್ಣ ಹೋದ ಮೇಲೆ ಮನೆಗೆ ಹಿರಿಯರೂ ಅವರೇ. ಹಾಗಂತ ಮನೆಯಲ್ಲಿ ಕೂತವರಲ್ಲ. ಮಾರುಕಟ್ಟೆಯ ಹಿಂದಿನ ಒಂದು ಅಡತಿ ಅಂಗಡಿಯ, ಅಂದರೆ ದಲಾಲಿ ಅಂಗಡಿಯ, ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಮೆಣಸಿನಕಾಯಿಯನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾರೆ. ಆ ಸಾಲಿನ ತುದಿಯಲ್ಲಿ, ಮಡಚಿದ ಗೋಣಿಚೀಲದ ಮೇಲೆ ಅತ್ತಿಯ ಜಾಗ. ಉಳಿದವರು ಆರಿಸಿದ್ದು ಅವರ ಮುಂದೆ ಬರಬೇಕು. ಅವರು ಹೂಂ ಅಂದರೆ ಚೀಲ ತುಂಬಬೇಕು.

ನನಗೆ ಕಾಣುವುದು ಒಂದೇ ಕೆಂಪು. ಅವರಿಗೆ ಕೆಂಪಿನ ದೊಡ್ಡ ಸಂಸಾರವೇ ಇತ್ತು: ಕುಂಕುಮ, ದಾಸವಾಳ, ಸುಟ್ಟ ಇಟ್ಟಂಗಿ, ಕಾಚು, ತುಕ್ಕು. ಈ ಹೆಸರುಗಳನ್ನು ಅವರು ಮನುಷ್ಯರಿಗೂ ಹಚ್ಚುತ್ತಿದ್ದರು. ನಮ್ಮವರ ಗೆಳೆಯನೊಬ್ಬ ಬಂದುಹೋದ ಮೇಲೆ ಇವರನ್ನು ಕರೆದು, "ಮ್ಯಾಲೆ ದಾಸವಾಳ, ಒಳಗ ತುಕ್ಕು. ಅವನ ಕೂಡ ಭಾಳ ಹಚ್ಚಿಕೊಬ್ಯಾಡೋ ಬಸ್ಯಾ," ಅಂದಿದ್ದರು. ಆ ಗೆಳೆಯ ಪಾಪ ಒಳ್ಳೆಯವನೇ. ಮನುಷ್ಯರ ವಿಷಯದಲ್ಲಿ ಅತ್ತಿಯ ಅಂದಾಜು ಅನೇಕ ಸಲ ತಪ್ಪುತ್ತಿತ್ತು, ಆದರೆ ಮೆಣಸಿನಕಾಯಿಯ ವಿಷಯದಲ್ಲಿ ಇಡೀ ಓಣಿ ಅವರ ಮಾತಿಗೆ ಕಾಯುತ್ತಿತ್ತು.

ಅಂಗಡಿಯೊಳಗಿನ ದೀಪವನ್ನು ಅವರು ಎಂದೂ ನಂಬಿದವರಲ್ಲ. ನನ್ನ ಮದುವೆಯ ಸೀರೆಗೆಂದು ರಾಣೆಬೆನ್ನೂರಿಗೆ ಹೋದಾಗಲೇ ಇದು ನನಗೆ ಗೊತ್ತಾಯಿತು. ಝಗಝಗ ದೀಪಗಳ ಕೆಳಗೆ ನನಗೆ ಒಂದು ಕೆಂಪು ಸೀರೆ ತುಂಬ ಹಿಡಿಸಿತ್ತು. ಅತ್ತಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಗೆ ನಡೆದೇಬಿಟ್ಟರು. ಅಂಗಡಿಯ ಹುಡುಗ ಹಿಂದೆ ಓಡಿ ಬಂದ.

"ಅಮ್ಮಾರ, ಸೀರಿ ಹೊರಗ ಒಯ್ಯಂಗಿಲ್ರಿ!"

"ಕದ್ದಕೊಂಡ ಓಡೂ ವಯಸ್ಸೇನೋ ಇದು? ಬಾ, ನೀನೂ ನೋಡು ಬಾ."

ಟ್ರ್ಯಾಕ್ಟರು, ಆಟೋಗಳ ನಡುವೆ ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ ಸೀರೆಯ ಸೆರಗನ್ನು ನನ್ನ ಹೆಗಲಿಗೆ ಹೊದಿಸಿದರು. "ನೋಡಿದಿ? ಒಳಗ ದಾಸವಾಳ ಇತ್ತು, ಬಿಸಲಾಗ ಇಟ್ಟಂಗಿ ಆತು. ಲಗ್ನದ ದಿವಸ ಇಟ್ಟಂಗಿ ಉಟ್ಕೊಂಡು ಕುಂದರ್ತೀ ಏನು?" ನಮ್ಮ ತವರಿನವರು ನಾಚಿ ನೆಲ ನೋಡುತ್ತಿದ್ದರು. ನಾನು ಮಾತ್ರ ಆ ಕ್ಷಣದಿಂದಲೇ ಅವರ ಕಡೆಯವಳಾದೆ.

ಮನೆ ರಿಪೇರಿಯ ಮಾತು ಬಂದದ್ದು ಇದಾಗಿ ಎಷ್ಟೋ ವರ್ಷಗಳ ಮೇಲೆ. ನಾನು ಹಾವೇರಿಯಲ್ಲಿ ಹೈಸ್ಕೂಲು ಟೀಚರು, ನಮ್ಮವರದು ರಾಣೆಬೆನ್ನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ; ಇಬ್ಬರೂ ದಿನಾ ಬ್ಯಾಡಗಿಯಿಂದಲೇ ಹೋಗಿಬರುತ್ತಿದ್ದೆವು. ಬ್ಯಾಡಗಿಯ ಮನೆಯ ಪಡಸಾಲೆಯನ್ನು ದೊಡ್ಡದು ಮಾಡಿ, ಫಾಲ್ಸ್ ಸೀಲಿಂಗ್ ಹಾಕಿಸಿ, ಅದರೊಳಗೆ ಹುದುಗಿ ಕೂರುವ ದುಂಡನೆಯ ಎಲ್ಇಡಿ ದೀಪ ಹಾಕಿಸುವುದೆಂದು ಮಾತಾಯಿತು. ವೈರಿಂಗ್ ಕೆಲಸ ಹಿಡಿದಿದ್ದ ದಾದಾಪೀರ್, "ದೀಪ ನೀವ ಬಂದು ಆರಿಸ್ರಿ. ಆಮ್ಯಾಲೆ ನನಗ ಬಯ್ಯಬ್ಯಾಡ್ರಿ," ಎಂದು ನಮ್ಮನ್ನು ರಾಣೆಬೆನ್ನೂರಿನ ಅಂಗಡಿಗೆ ಕರೆದೊಯ್ದ. ನಾನು ಮನಸ್ಸಿನಲ್ಲೇ ಎಲ್ಲ ನಿರ್ಧರಿಸಿಕೊಂಡಿದ್ದೆ. ಶಾಲೆಯಿಂದ ಬಂದು ಕಾಲು ಚಾಚಿ ಕೂತಾಗ ಮೈಮೇಲೆ ಬೀಳುವ ಬೆಳಕು ಮೆತ್ತಗಿರಬೇಕು, ಸ್ವಲ್ಪ ಹಳದಿಗಿರಬೇಕು.

ಅಂಗಡಿಯ ಹಿಂದಿನ ಕತ್ತಲು ಕೋಣೆಯಲ್ಲಿ ಹಲಗೆಯ ಮೇಲೆ ಮೂರು ದೀಪ ಕೂರಿಸಿದ್ದರು. ದಾದಾಪೀರ್ ಒಂದೊಂದಾಗಿ ಹಚ್ಚಿದ.

"ಇದು ಮೂರು ಸಾವಿರ. ನಡುವಿಂದು ನಾಕು ಸಾವಿರ. ಇದು ಆರೂವರಿ ಸಾವಿರ."

"ಯವ್ವಾ! ಒಂದ ದೀಪಕ್ಕ?" ಅತ್ತಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ರೇಟ್ ಅಲ್ರೀ ದೊಡ್ಡವ್ವ, ಬಣ್ಣದ ನಂಬರ್. ನಂಬರ್ ಸಣ್ಣದಾದಂಗ ಹಳದಿ, ದೊಡ್ಡದಾದಂಗ ಬಿಳೇದು."

ನಾನು ಮೂರು ಸಾವಿರದ ಕಡೆ ಬೆರಳು ಮಾಡಿದೆ. ಅತ್ತಿ ಸಂಚಿಯೊಳಗೆ ಕೈಹಾಕಿ ಅಡಿಕೆಯ ಜೊತೆಗೇ ಇದ್ದ ಒಂದಿಷ್ಟು ಮೆಣಸಿನಕಾಯಿ ತೆಗೆದು, ಒಂದೊಂದು ದೀಪದ ಕೆಳಗೂ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ನನ್ನ ಹಳದಿ ದೀಪದ ಮುಂದೆ ಮುಖ ಸಿಂಡರಿಸಿದರು.

"ಇದು ಬ್ಯಾಡ. ಕಾಮಣಿ ರೋಗ ಆದವರ ಹಳದಿ ಕಣ್ಣಿನಂಗೈತಿ."

"ಅತ್ತಿ, ಮನ್ಯಾಗ ಕಾಯಿ ಆರಸೂದೈತೇನ್ರಿ? ಕುಂದರಾಕ, ಉಣ್ಣಾಕ, ಮಾತಾಡಾಕ ಇರೂ ಜಾಗಾ ಅದು."

"ಕುಂತವರ ಮಾರಿ ಕಾಣಬೇಕೋ ಬ್ಯಾಡೋ?"

ಬೇಕಾದ ಬಣ್ಣಕ್ಕೆ ಬದಲಾಗುವ ದೀಪವೂ ಇದೆ, ಸ್ವಿಚ್ ಒತ್ತಿದಂತೆಲ್ಲ ಹಳದಿ, ಬಿಳಿ ಎರಡೂ ಬರುತ್ತವೆ ಎಂದು ದಾದಾಪೀರ್ ಸಂಧಾನಕ್ಕೆ ಬಂದ. ಅತ್ತಿ ಅವನನ್ನೂ ಬಿಡಲಿಲ್ಲ. "ಗಳಿಗಿಗೊಂದ ಮಾತಾಡೂ ದೀಪ ನಮಗ ಬ್ಯಾಡಪಾ. ಆರೂವರಿ ಸಾವಿರದ್ದ ಕಟ್ಟು." ನಮ್ಮವರು ನನ್ನ ಮುಖ ನೋಡಿದರು, ಅತ್ತಿಯ ಮುಖ ನೋಡಿದರು, ಆಮೇಲೆ ಫೋನು ಬಂತೆಂದು ಹೊರಗೆ ಹೋದರು. ನಾನು ಹೂಂ ಅಂದೆ. ಅತ್ತಿ ಹಟ ಮಾಡಿದ್ದನ್ನು ನೋಡಿದ್ದೆ, ಆದರೆ ಅಂದಿನ ದನಿಯಲ್ಲಿ ಹಟಕ್ಕಿಂತ ಬೇರೇನೋ ಇತ್ತು. ಏನೆಂದು ತಿಳಿಯಲಿಲ್ಲ.

ದೀಪ ಹಾಕಿದ ಸಂಜೆಯಿಂದ ನಮ್ಮ ಪಡಸಾಲೆ ಆಪರೇಷನ್ ಥಿಯೇಟರಿನಂತಾಯಿತು. ತಿಳಿಗೆನೆಬಣ್ಣದ ಗೋಡೆ ಸುಣ್ಣದಂತೆ ಕಾಣುತ್ತಿತ್ತು. ಮಾಡಿದ ಸಾರು ಕೂಡ ಬಿಳಿಚಿಕೊಂಡಂತೆ. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದು ನನ್ನನ್ನು ನೋಡಿ ಬಾಗಿಲಲ್ಲೇ ನಿಂತು, "ಆರಾಮಿಲ್ಲೇನ್ರಿ ಟೀಚರ್ರ?" ಅಂದರು. ನಾನು ಪೇಪರ್ ತಿದ್ದಲು ಅಡುಗೆಮನೆಯ ಹಳೆಯ ಬಲ್ಬಿನ ಕೆಳಗೆ ಹೋಗಿ ಕೂರುತ್ತಿದ್ದೆ. ಅತ್ತಿ ಮಾತ್ರ ಪಡಸಾಲೆಯ ನಟ್ಟನಡುವೆ, ಎಲ್ಲ ದೀಪ ಹಚ್ಚಿಕೊಂಡು ಕೂರುತ್ತಿದ್ದರು. ಖುಷಿಯಾಗಿದ್ದರೆಂದು ಹೇಳಲಾರೆ. ತಟ್ಟೆಯ ಅನ್ನವನ್ನು, ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಸಣ್ಣಪುಟ್ಟ ವಿಚಿತ್ರಗಳು ನಡೆಯತೊಡಗಿದವು. ಹಾಲು ಹಳದಿಯಾಗಿದೆ, ನೀನು ಏನೋ ಬೆರೆಸುತ್ತಿದ್ದೀ ಎಂದು ಹಾಲಿನವನ ಜೊತೆ ಬಾಗಿಲಲ್ಲಿ ಜಗಳ ತೆಗೆದರು. ನಮ್ಮವರ ಕರೀ ಪ್ಯಾಂಟಿನ ಅಂಚನ್ನು ನೀಲಿ ದಾರದಲ್ಲಿ ಹೊಲಿದು, "ನೋಡು, ಹೊಲಿಗಿ ಕಾಣಂಗಿಲ್ಲ," ಎಂದು ಹೆಮ್ಮೆಯಿಂದ ತೋರಿಸಿದರು. ನಾವು ನಕ್ಕೆವು. ವಯಸ್ಸಾಯಿತಲ್ಲ ಎಂದುಕೊಂಡೆವು.

ಒಂದು ಭಾನುವಾರ ಅತ್ತಿ ಬಾವಿಕಟ್ಟೆಯ ಕಡೆ ಹೋಗಿದ್ದಾಗ ರೇಹಾನಾ ಬಂದಳು. ಶೆಡ್ಡಿನ ಸಾಲಿನಲ್ಲಿ ಅತ್ತಿಯ ಪಕ್ಕದಲ್ಲೇ ಕೂರುವವಳು, ಅವರಿಂದಲೇ ಕೆಲಸ ಕಲಿತವಳು. ಕೂರು ಅಂದರೆ ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಟೀಚರ್ರ, ಒಂದ ಮಾತು. ಸಿಟ್ಟಾಗಬ್ಯಾಡ್ರಿ. ದೊಡ್ಡವ್ವ ಮನಿಗೆ ಬಂದ ಮ್ಯಾಲೆ ಅವ್ರು ನೋಡಿ ಬಿಟ್ಟಿದ್ದನ್ನ ನಾವು ಮತ್ತೊಮ್ಮೆ ಆರಸ್ತೇವ್ರಿ. ಎರಡು ಸುಗ್ಗಿ ಆತು."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾಕ?"

"ಕಾಚು ಬಣ್ಣದ್ದನ್ನ ಕುಂಕುಮದಾಗ ಹಾಕ್ತಾರ್ರಿ. ಬಿಳಿಚಿದ ಕಾಯಿ ಅವ್ರಿಗೆ ಕಾಣಂಗೇ ಇಲ್ಲ. ಅಂಗಡಿ ಸಾಹುಕಾರರಿಗೂ ಗೊತ್ತೈತ್ರಿ. ನೀಲವ್ವಗ ಯಾರೂ ಹೇಳಬ್ಯಾಡ್ರಿ ಅಂದಾರ. ಆದ್ರ ನಾವು ಮತ್ತೊಮ್ಮೆ ಆರಸೂಕಿಂತ ಮೊದಲ ನಾಳೆ ಹೊರಗಿನ ಖರೀದಿದಾರ ಯಾವನರ ಬಂದು ಅವ್ರ ಎದುರಿಗೇ ಚೀಲ ಸುರುವಿ ತಕರಾರ ತಗದ್ರ? ಅಷ್ಟು ಮಂದ್ಯಾಗ ಅವ್ರ ಮಾರಿ ನಾ ಹೆಂಗ ನೋಡ್ಲಿ, ಹೇಳ್ರಿ."

ಅವಳ ಕಣ್ಣು ತುಂಬಿತ್ತು. ಘಾಟಿಗಲ್ಲ. ನಮ್ಮ ಮನೆಯಲ್ಲಿ ಆ ಹೊತ್ತು ಒಂದೂ ಮೆಣಸಿನಕಾಯಿ ಇರಲಿಲ್ಲ.

ಅತ್ತಿಗೆ ಇದನ್ನು ಹೇಳುವ ಧೈರ್ಯ ನನಗೂ ಬರಲಿಲ್ಲ. ನನ್ನ ಚಸ್ಮಾ ಬದಲಿಸಬೇಕು, ಒಬ್ಬಳೇ ಹೋಗಲು ಬೇಸರ, ಜೊತೆಗೆ ಬರ್ರಿ ಎಂದು ಹಾವೇರಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. "ದಿನಾ ಒಬ್ಬಾಕೀನ ಹಾವೇರಿಗೆ ಹೋಗ್ತೀ. ಇವತ್ತ ಬ್ಯಾಸರ ಬಂತೇನು?" ಅಂದರು. ಆದರೆ ಬಂದರು. ಡಾಕ್ಟರು ನನ್ನ ಕಣ್ಣು ನೋಡಿ ಆದ ಮೇಲೆ, ನಾನು ಮೊದಲೇ ಹೇಳಿಟ್ಟಿದ್ದಂತೆ, "ಅಮ್ಮಾರದ್ದೂ ನೋಡೋಣ," ಅಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ಪೂರ್ತಿ ಬಲಿತಿತ್ತು. "ಇವರು ಬಹಳ ದಿನದಿಂದ ಹಳದಿ ಗಾಜಿನ ಹಿಂದೆ ನಿಂತು ನೋಡಿದಂತೆ ನೋಡುತ್ತಿದ್ದಾರೆ. ನಿಧಾನವಾಗಿ ಆಗುವುದರಿಂದ ಗೊತ್ತಾಗುವುದಿಲ್ಲ," ಎಂದರು. ಅತ್ತಿ ಸಂಚಿಯ ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

ಬಸ್ಸು ಮೋಟೆಬೆನ್ನೂರು ದಾಟಿತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಆ ಐತ್ವಾರ ರೇಹಾನಾ ಮನಿಗೆ ಬಂದಿದ್ಲಲ್ಲ, ಬಾವಿಕಟ್ಟಿಯಿಂದ ನೋಡೇನಿ. ಏನ್ ಹೇಳಿದ್ಲು?"

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಎಲ್ಲ ಹೇಳಿದೆ. ಅವರು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡರು.

"ನನಗ ಗೊತ್ತಿತ್ತು ಅನ್ನಂಗಿಲ್ಲ, ಗೊತ್ತಿರಲಿಲ್ಲ ಅನ್ನಂಗೂ ಇಲ್ಲ. ಒಂದಿನ ಅನ್ನ ಹಳದಿ ಕಾಣಿಸ್ತು. ಆಮ್ಯಾಲೆ ಗ್ವಾಡಿ. ಆಮ್ಯಾಲೆ ನಿಮ್ಮ ಮಾರಿ. ದೀಪದ್ದ ತಪ್ಪು ಅಂತ ಮಾಡಿದ್ದೆ. ಭಾಳ ಬಿಳೇದು ಬೆಳಕು ಹಾಕಿದ್ರ ಎಲ್ಲಾ ಮೊದಲಿನಂಗ ಕಾಣ್ತಾವ ಅಂತ ಅನ್ಕೊಂಡಿದ್ದೆ." ನನ್ನ ಕಡೆ ತಿರುಗಿದರು. "ಆ ದೀಪ ಮನಿಗಂತ ಆರಿಸಲಿಲ್ಲವ್ವ ನಾ. ನನ್ನ ಕಣ್ಣಿಗಂತ ಆರಿಸಿದೆ. ನಿಮ್ಮನ್ನೆಲ್ಲಾ ದವಾಖಾನ್ಯಾಗ ಕುಂದರಿಸಿದಂಗ ಕುಂದರಿಸಿದೆ."

"ಇರಲಿ ಬಿಡ್ರಿ ಅತ್ತಿ."

"ಇರಲಿ ಅನ್ನಬ್ಯಾಡ. ನಿನಗ ಸೇರಿರಲಿಲ್ಲ. ಅಡಗಿಮನ್ಯಾಗ ಹೋಗಿ ಕುಂದರ್ತಿದ್ದಿ, ನೋಡೇನಿ."

ಸಂಚಿ ಬಿಚ್ಚಿ ಒಂದು ಅಡಿಕೆ ಚೂರು ನನ್ನ ಕೈಗಿಟ್ಟರು. ನಾನು ಅಡಿಕೆ ತಿನ್ನುವವಳಲ್ಲ. ಅಂದು ಬಾಯಿಗೆ ಹಾಕಿಕೊಂಡು ಊರು ಬರುವವರೆಗೂ ಜಗಿದೆ.

ಬಲಗಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಅವರು ಮೊದಲು ನೋಡಿದ್ದು ಬಾಗಿಲಿಗೆ ಹಾಕಿದ್ದ ಪರದೆಯನ್ನು. ಎಂಥದ್ದೋ ಸಾದಾ ನೀಲಿ ಬಟ್ಟೆ. ಅದನ್ನು ಬೆರಳಲ್ಲಿ ಹಿಡಿದು, ಮಗುವಿನ ಕೆನ್ನೆ ಸವರಿದಂತೆ ಸವರಿ, ನನ್ನನ್ನು ಕರೆದು, "ಸುಮಾ, ಇದು ಹಿಂಗಿತ್ತೇನ?" ಅಂದರು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು. "ಒಂದರಾಗ ಅರಿಷಿಣದ ನೀರು, ಒಂದರಾಗ ಮುಗಿಲು," ಎಂದು ನರ್ಸಿಗೆ ವರದಿ ಒಪ್ಪಿಸಿದರು.

ಅಂದು ಸಂಜೆ ಮನೆಯಲ್ಲಿ ಪಡಸಾಲೆಯ ದೀಪ ಹಚ್ಚಿದೆವು. ಅತ್ತಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಯ್ಯಯ್ಯ, ಏನಿದು! ಮನಿಗೆಲ್ಲಾ ನೀಲಿ ಹಾಕಿ ಒಗದಂಗೈತಿ. ಬಸ್ಯಾ, ಇದರಾಗ ಹೆಂಗ ಉಂಡ್ರೋ ಇಷ್ಟ ದಿವಸ?"

ನಮ್ಮವರು, "ಕಣ್ಣ ಮುಚ್ಚಿಕೊಂಡು," ಅಂದರು. ಅತ್ತಿ ನಕ್ಕರು. ಆಮೇಲೆ ನನ್ನನ್ನು ದೀಪದ ಕೆಳಗೆ ಎಳೆದು ನಿಲ್ಲಿಸಿ, ಗಲ್ಲ ಹಿಡಿದು ಮುಖ ಎತ್ತಿ ನೋಡಿದರು. ನೋಡುತ್ತ ನೋಡುತ್ತ ಅವರ ನಗು ನಿಂತಿತು.

"ಹಣಿ ಮ್ಯಾಲೆ ಗೆರಿ ಬಿದ್ದಾವಲ್ಲ ನಿನಗ. ಯಾವಾಗ ಬಿದ್ವು? ನಾ ಇಲ್ಲೇ ಇದ್ದೆನಲ್ಲ."

ಹೆಬ್ಬೆರಳಿನಿಂದ ನನ್ನ ಹಣೆಯನ್ನು ಉಜ್ಜಿದರು, ಗೆರೆ ಅಳಿಸಿಹೋಗುತ್ತದೇನೋ ಎಂಬಂತೆ.

ಎಡಗಣ್ಣೂ ಆಗಿ, ಡಾಕ್ಟರು ಹೊರಗೆ ಓಡಾಡಬಹುದು ಅಂದ ಮೇಲೆ ಅತ್ತಿ ದಾದಾಪೀರನನ್ನು ಕರೆಸಿದರು. ಪಡಸಾಲೆಯ ದೀಪಗಳನ್ನೆಲ್ಲ ಬಿಚ್ಚಿಸಿ ಒಂದು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಡಿಸಿದರು. ನನ್ನನ್ನೂ ಜೊತೆಗೆ ಕರೆದುಕೊಂಡು ಶೆಡ್ಡಿಗೆ ಹೊರಟರು. ಅಲ್ಲಿ ಇದ್ದದ್ದು ಮಂಕು ಟ್ಯೂಬ್‌ಲೈಟು. ಮೋಡ ಮುಸುಕಿದ ದಿನ ಹೆಣ್ಣುಮಕ್ಕಳು ಕಾಯಿಯನ್ನು ಮೂಗಿನ ಹತ್ತಿರ ಹಿಡಿದು ನೋಡಬೇಕಿತ್ತು. ದಾದಾಪೀರ್ ಏಣಿ ಹತ್ತಿ ಒಂದೊಂದೇ ದೀಪ ಕೂರಿಸಿ ಸ್ವಿಚ್ ಹಾಕಿದ. ಕೆಳಗಿನ ರಾಶಿ ಬಿಚ್ಚಿ ಬಿಡಿಸಿಟ್ಟಂತಾಯಿತು. ಒಂದೊಂದು ಕಾಯಿಯೂ ತನ್ನ ತನ್ನ ಕೆಂಪು ತೋರಿಸುತ್ತಿತ್ತು. ನನಗೆ ಕೂಡ ಎರಡು ಮೂರು ಕೆಂಪು ಕಂಡವು.

"ಕೆಲಸಕ್ಕಂದ್ರ ಇದ ಬೆಳಕು," ಎಂದರು ಅತ್ತಿ. "ನಾ ಆರಿಸಿದ್ದು ಖೊಟ್ಟಿ ಅಲ್ಲ. ಹಾಕಿದ ಜಾಗಾ ತಪ್ಪಿತ್ತು."

ಆಮೇಲೆ ಸಾಲಿನ ಎದುರಿಗೆ ನಿಂತರು. ಸಾಹುಕಾರರೂ ಬಾಗಿಲಲ್ಲಿದ್ದರು.

"ಎರಡು ಸುಗ್ಗಿ ನಾ ತಪ್ಪು ಆರಿಸೇನಿ. ನೀವೆಲ್ಲಾ ಮುಚ್ಚಿಟ್ರಿ. ನನ್ನ ಮ್ಯಾಲಿನ ಜೀವಕ್ಕ ಮಾಡಿದ್ರಿ, ಗೊತ್ತೈತಿ. ಆದ್ರ ಹಂಗ ಮಾಡಬಾರದಿತ್ತು. ಹೇಳಬೇಕಿತ್ತು. ನಾ ಬಯ್ತಿದ್ದೆ, ಅಳ್ತಿದ್ದೆ, ಅಷ್ಟ."

ರೇಹಾನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಿ ಅವಳ ತಲೆಯ ಮೇಲೆ ಕೈಯಿಟ್ಟು, "ಆ ಕಡೆ ತಿರುಗಿ ಅಳು. ಕಾಯಿ ತೊಯ್ದ್ರ ಕೆಡ್ತಾವ," ಅಂದರು. ಇಡೀ ಸಾಲು ಅಳುತ್ತಲೇ ನಕ್ಕಿತು.

ಸಾಹುಕಾರರು, "ನೀಲವ್ವಾ, ಈಗ ಕಣ್ಣು ಬಂದಾವಲ್ಲ. ಹೋಗಿ ನಿನ್ನ ಜಾಗಾಕ್ಕ ಕುಂದ್ರು," ಅಂದರು.

"ಇಷ್ಟ ದಿವಸ ಆ ಜಾಗಾ ಕಾದಾಕಿ ರೇಹಾನಾ. ಅದು ಅಕಿದ್ರಿ ಈಗ."

ಗೋಣಿಚೀಲವನ್ನು ತಾವೇ ಕೊಡವಿ, ಮಡಚಿ ಹಾಕಿ, ರೇಹಾನಾಳ ರಟ್ಟೆ ಹಿಡಿದು ಕೂರಿಸಿದರು. ತಾವು ಹೋಗಿ ಸಾಲಿನ ನಡುವೆ, ಉಳಿದವರ ಹಾಗೆ, ನೆಲದ ಮೇಲೆ ಕೂತರು. ಆಮೇಲೆ ಮನಸ್ಸು ಬಂದ ದಿನ ಶೆಡ್ಡಿಗೆ ಹೋಗಿ ಅಲ್ಲಿಯೇ ಕೂರುತ್ತಿದ್ದರು. ತಾವು ಆರಿಸಿದ್ದನ್ನು ರೇಹಾನಾಳ ಮುಂದೆ ಒಯ್ದಿಟ್ಟು ಅವಳು ಹೂಂ ಅನ್ನುವವರೆಗೆ ಕಾಯುತ್ತಿದ್ದರಂತೆ. ಅವಳಿಗೆ ಅದು ಮುಜುಗರ. ಇವರಿಗೆ ಅದರಲ್ಲೊಂದು ತುಂಟ ಖುಷಿ.

ಮನೆಗೆ ನನ್ನ ಹಳದಿ ದೀಪಗಳು ಬಂದವು. ಹಚ್ಚಿದ ದಿನ ಅತ್ತಿ ಕಾಲು ಚಾಚಿ ಗೋಡೆಗೊರಗಿ ಕೂತು, "ತಂಪಾತು ನೋಡು," ಅಂದರು.

"ಕಾಮಣಿ ಅಂದಿದ್ರಿ ಇದಕ್ಕ."

"ಕಾಮಣಿ ನನ್ನ ಕಣ್ಣಾಗಿತ್ತಲ್ಲ, ಹುಚ್ಚಿ."

ಆ ವರ್ಷ ಅವರಿಗೆ ನೀಲಿಯ ಹುಚ್ಚು ಹಿಡಿಯಿತು. ಇಷ್ಟು ವರ್ಷ ಕೆಂಪನ್ನು ಬಿಟ್ಟರೆ ಬೇರೆ ಬಣ್ಣದ ಹೆಸರೆತ್ತದವರು, ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿ ಆಕಾಶ ನೋಡುತ್ತಿದ್ದರು. ಮಕ್ಕಳ ಯೂನಿಫಾರ್ಮು, ಪ್ಲಾಸ್ಟಿಕ್ ಕೊಡ, ಹೊಲದಂಚಿನ ನೀಲಿ ಅಗಸೆ ಹೂವು, ಏನನ್ನು ನೋಡಿದರೂ ನಿಲ್ಲುತ್ತಿದ್ದರು. "ಇಷ್ಟೆಲ್ಲಾ ಇಲ್ಲೇ ಇತ್ತಲ್ಲವ್ವ," ಎನ್ನುತ್ತಿದ್ದರು. ನಾನು ತಂದುಕೊಟ್ಟ ನೀಲಿ ಸೀರೆಯನ್ನು ಉಟ್ಟು ಮೇಡ್ಲೇರಿಗೆ ಹೊರಟರು. ಅಲ್ಲಿ ಅವರ ಬಾಲ್ಯದ ಗೆಳತಿ ಗಂಗವ್ವನ ಮನೆ. ತುಂಗಭದ್ರೆಯ ಹೊಳೆ ನೋಡಬೇಕು, ಪೊರೆ ಬಂದ ಕಣ್ಣಿಗೆ ಅದು ಕಲಗಚ್ಚಿನಂತೆ ಕಂಡಿತ್ತು ಎಂದು ಒಂದೇ ಹಟ.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾನೇ ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. "ಗಂಗವ್ವಗ ಫೋನ್ ಮಾಡೀಯಿಲ್ಲ? ನಮ್ಮ ಬಸ್ಯಾಗ ಅಂಗಡಿ ಬಿಟ್ಟು ಲಗೂ ಊಟಕ್ಕ ಬಾ ಅಂತ ಹೇಳು. ನೀ ಬಿಸಲಾಗ ನಿಂದರಬ್ಯಾಡ, ನಡಿ," ಎಂದು ಗದರಿದರು. ಬಸ್ಸು ತಿರುಗುವವರೆಗೂ ಕಿಟಕಿಯಲ್ಲಿ ನೀಲಿ ಸೆರಗು ಕಾಣುತ್ತಿತ್ತು.

ನಾನು ಅವರನ್ನು ಮಾತಾಡಿಸಿದ್ದು ಅದೇ ಕೊನೆ. ಕೆಲವು ದಿನ ಗೆಳತಿಯ ಮನೆಯಲ್ಲಿ ಉಂಡು, ನಕ್ಕು, ಒಂದು ರಾತ್ರಿ ಮಲಗಿದವರು ಮುಂಜಾನೆ ಏಳಲಿಲ್ಲ. ಮಣ್ಣು ಮಾಡಿ ಎಲ್ಲರೂ ಕೂತಾಗ ಗಂಗವ್ವ ನನ್ನ ಪಕ್ಕ ಬಂದು ಕೂತು, ಹಿಂದಿನ ಸಂಜೆಯದ್ದು ಹೇಳಿದರು. ಇಬ್ಬರೂ ಹೊಳೆಯ ದಂಡೆಗೆ ಹೋಗಿದ್ದರಂತೆ. ಹೊತ್ತು ಮುಳುಗಿತು, ದನಗಳು ಮನೆಗೆ ತಿರುಗಿದವು, ಗಂಗವ್ವನ ಸೊಸೆ ಎರಡೆರಡು ಸಲ ಬಂದು ಕರೆದಳು. ಅತ್ತಿ ದಂಡೆಯ ಮೆಟ್ಟಿಲ ಮೇಲಿಂದ ಏಳಲೇ ಇಲ್ಲವಂತೆ. ನೀರಿನಿಂದ ಕಣ್ಣು ತೆಗೆಯದೆ, "ತಡೀರೆ," ಅಂದರಂತೆ, "ಇನ್ನೂ ಒಂದ ಬಣ್ಣ ಉಳದೈತಿ."